ಚೈನು ಕಾಣದ ಗಾಡಿ: ಮೈಸೂರು ಜಾವಾದಿಂದ ನಮ್ಮ ಗಾಡಿವರೆಗೆ

1/7
ಹೋದ ವಾರ ನಾಲೆ ಏರಿ ಮೇಲೆ ಬರ್ತಾ ನನ್ನ ಗಾಡಿ ಚೈನು ಕಳಚಿಕೊಳ್ತು. ಹಿಂದೆ ತಂಗಿ ಕೂತಿದ್ಳು. ಸ್ಪೀಡ್ ಕಮ್ಮಿ ಇತ್ತು, ಬಚಾವ್. ನೋಡಿದ್ರೆ ಚೈನು ಪೂರ್ತಿ ಒಣಗಿ, ಗದ್ದೆ ಮಣ್ಣು ಮೆತ್ತಿಕೊಂಡು ಕೂತಿದೆ. ಕೊನೇ ಸಲ ಎಣ್ಣೆ ಬಿಟ್ಟಿದ್ದು ಯಾವಾಗ ಅಂತ ನನಗೇ ನೆನಪಿಲ್ಲ.

ದೊಡ್ಡಪ್ಪ ಬಂದು ಚೈನು ಕೂರಿಸಿಕೊಟ್ಟು, ಕೈ ಒರೆಸ್ಕೊಳ್ತಾ ಹೇಳಿದ್ರು: "ನಮ್ ಜಾವಾ ಗಾಡೀಲಿ ಚೈನು ಕಣ್ಣಿಗೇ ಬೀಳ್ತಿರ್ಲಿಲ್ಲ ಕಣ್ಲಾ. ನಿಂದು ನೋಡು, ಹೊಟ್ಟೆ ಬಿಚ್ಕಂಡು ನಿಂತದೆ."

ಮೊದಲ ಫೋಟೋ ಅವರ ಹಳೇ ಗಾಡೀದು. ಗಮನಿಸಿ, ಚೈನು ಎಲ್ಲೂ ಕಾಣಲ್ಲ. ಅದು ಯಾಕೆ ಒಳಗಿತ್ತು, ಈಗ ಯಾಕೆ ಹೊರಗೆ ಬಂತು? ಈ ವಾರದ ಹಿಸ್ಟರಿ ಅದೇ.

2/7
ಮೊದಲು ಚೈನು ಅಂದ್ರೆ ಏನು ಅಂತ ನೋಡೋಣ. ಬರೀ ಕಬ್ಬಿಣದ ಕೊಂಡಿಗಳ ಸರ ಅಲ್ಲ ಅದು. ಪ್ರತಿ ಕೀಲಿನಲ್ಲೂ ಒಂದು ಪಿನ್ನು, ಅದರ ಮೇಲೆ ಬುಷ್, ಬುಷ್ ಮೇಲೆ ತಿರುಗೋ ರೋಲರ್. ಇದಕ್ಕೆ ದೊಡ್ಡ ರೂಪ ಕೊಟ್ಟವರು ಹಾನ್ಸ್ ರೆನಾಲ್ಡ್. ಹುಟ್ಟಿದ್ದು ಸ್ವಿಟ್ಜರ್ಲೆಂಡ್, ಕೆಲಸ ಮಾಡಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ. ಬಟ್ಟೆ ಮಿಲ್ ಯಂತ್ರಗಳಿಗೆ ಚೈನು ಮಾಡ್ತಿದ್ದ ಜೇಮ್ಸ್ ಸ್ಲೇಟರ್ ಅವರ ವರ್ಕ್‌ಶಾಪನ್ನು 1879ರಲ್ಲಿ ಕೊಂಡರು. 1880ರಲ್ಲಿ ಬುಷ್ ಇರೋ ರೋಲರ್ ಚೈನಿಗೆ ಪೇಟೆಂಟ್ ಪಡೆದರು. ಇವತ್ತು ನಿಮ್ಮ ಗಾಡಿಯಲ್ಲಿ ಇರೋದೂ ಮೂಲತಃ ಅದೇ ವಿನ್ಯಾಸ.

ಅದೇ ಚೈನು ಸೈಕಲ್ಲಿಗೆ ಬಂತು, ಆಮೇಲೆ ಮೋಟಾರ್ ಸೈಕಲ್ಲಿಗೆ. 1903ರಲ್ಲಿ ರೈಟ್ ಸಹೋದರರ ವಿಮಾನದಲ್ಲಿ ಇಂಜಿನ್ನಿಂದ ಎರಡು ಪ್ರೊಪೆಲ್ಲರಿಗೆ ಶಕ್ತಿ ಹೋಗ್ತಿದ್ದದ್ದೂ ಚೈನಿನಲ್ಲೇ.

3/7
ಚೈನು ಎಳೆದುಕೊಳ್ತು ಅಂತೀವಲ್ಲ, ನಿಜವಾಗಿ ಕಬ್ಬಿಣ ರಬ್ಬರ್ ಥರ ಎಳೆಯೋದಿಲ್ಲ. ಪಿನ್ನೂ ಬುಷ್ಷೂ ಉಜ್ಜಿ ಉಜ್ಜಿ ಸವೆಯುತ್ತೆ. ಒಂದು ಚೈನಿನಲ್ಲಿ 110 ಕೊಂಡಿ ಇದೆ ಅಂತಿಟ್ಕೊಳ್ಳಿ. ಒಂದೊಂದು ಕೀಲು ಬರೀ 0.1 ಮಿ.ಮೀ. ಸವೆದರೂ ಒಟ್ಟು 11 ಮಿ.ಮೀ. ಉದ್ದ ಜಾಸ್ತಿ ಆಯ್ತು. ನಮ್ಮ ಕಡೆ ಓಡೋ ಎಷ್ಟೋ ಗಾಡಿಗಳ ಚೈನಿನಲ್ಲಿ ಒಂದು ಕೊಂಡಿಯ ಅಳತೆಯೇ 12.7 ಮಿ.ಮೀ. ಅಂದ್ರೆ ಹತ್ತಿರ ಹತ್ತಿರ ಒಂದು ಕೊಂಡಿಯಷ್ಟು ಸಡಿಲ. ಆಗ ಚೈನು ಸ್ಪ್ರಾಕೆಟ್ ಹಲ್ಲಿನ ಮೇಲೆ ಹತ್ತಿ ಜಾರುತ್ತೆ, ಕಳಚುತ್ತೆ, ಕೆಲವೊಮ್ಮೆ ತುಂಡಾಗುತ್ತೆ.

ಸವೆತಕ್ಕೆ ಎರಡು ಕಾರಣ: ಎಣ್ಣೆ ಇಲ್ಲದಿರೋದು, ಧೂಳು ಇರೋದು. ಇದು ನೂರು ವರ್ಷದ ಹಿಂದೆಯೇ ಗೊತ್ತಿತ್ತು. ಇಂಗ್ಲೆಂಡಿನ ಸನ್‌ಬೀಮ್ ಕಂಪನಿ ತನ್ನ ಸೈಕಲ್, ಬೈಕುಗಳ ಚೈನನ್ನು ಎಣ್ಣೆ ಇರೋ ಮುಚ್ಚಿದ ಪೆಟ್ಟಿಗೆಯೊಳಗೇ ಓಡಿಸ್ತಿತ್ತು. ನಮ್ಮ ತಾತಂದಿರ ಕಾಲದ ಕೆಲವು ಸೈಕಲ್ಲಿನಲ್ಲಿ ಪೂರ್ತಿ ಚೈನ್ ಕವರ್ ನೋಡಿರ್ತೀರ, ಅದೂ ಇದೇ ಯೋಚನೆ.

4/7
ಈಗ ಮೈಸೂರಿಗೆ ಬರೋಣ.

ಜಾವಾ ಹುಟ್ಟಿದ್ದು 1929ರಲ್ಲಿ, ಝೆಕೊಸ್ಲೊವಾಕಿಯಾದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಅನ್ನೋರು ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗ ಕೊಂಡರು. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ ಆಯ್ತು. ನಮ್ಮ ದೇಶದಲ್ಲಿ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಅವರು ಲೈಸೆನ್ಸ್ ಪಡೆದು ಐಡಿಯಲ್ ಜಾವಾ ಕಂಪನಿ ಕಟ್ಟಿದರು. ಫ್ಯಾಕ್ಟರಿ ಆಗಿದ್ದು ಮೈಸೂರಿನ ಯಾದವಗಿರಿಯಲ್ಲಿ, 1961ರಲ್ಲಿ. ಉದ್ಘಾಟನೆ ಮಾಡಿದ್ದು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1970ರ ದಶಕದಲ್ಲಿ ಗಾಡಿ ಹೆಸರು ಯೆಜ್ಡಿ ಅಂತ ಆಯ್ತು.

ಜಾವಾ ಅಂದ್ರೆ ಎಲ್ಲರೂ ಆ ಎರಡು ಸೈಲೆನ್ಸರು, ಆ ಸೌಂಡು, ಕಿಕ್ಕರ್ ಮತ್ತು ಗೇರ್ ಒಂದೇ ಲಿವರಿನಲ್ಲಿ ಇದ್ದದ್ದು, ಇಷ್ಟೇ ಹೇಳ್ತಾರೆ. ಚೈನ್ ಕವರ್ ಬಗ್ಗೆ ಯಾರೂ ಮಾತಾಡಲ್ಲ. ಜಾವಾ 250ರಲ್ಲಿ ಹಿಂದಿನ ಚೈನಿಗೆ ಮೇಲೂ ಕೆಳಗೂ ತಗಡಿನ ಪೂರ್ತಿ ಕವಚ. ಕೆಸರು ರಸ್ತೆಯಲ್ಲಿ, ಎತ್ತಿನ ಗಾಡಿ ಜಾಡಿನಲ್ಲಿ ಓಡಿದರೂ ಮಣ್ಣು ಸುಲಭಕ್ಕೆ ಒಳಗೆ ಹೋಗ್ತಿರ್ಲಿಲ್ಲ, ಹಚ್ಚಿದ ಎಣ್ಣೆ ಹೊರಗೆ ಚೆಲ್ತಿರ್ಲಿಲ್ಲ.

5/7
ಆಮೇಲೆ ಏನಾಯ್ತು? 1980ರ ದಶಕದಲ್ಲಿ ಜಪಾನ್ ಕಂಪನಿಗಳ ಜೊತೆ ಸೇರಿ ಮಾಡಿದ 100 ಸಿಸಿ ಗಾಡಿಗಳು ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಒಂದು ಲೀಟರ್ ಪೆಟ್ರೋಲಿಗೆ ಓಡ್ತಿದ್ದ ದೂರದ ಮುಂದೆ ಟು ಸ್ಟ್ರೋಕ್ ಯೆಜ್ಡಿ ನಿಲ್ಲೋಕೆ ಆಗಲಿಲ್ಲ. ಹೊಗೆ ನಿಯಮಗಳೂ ಬಿಗಿಯಾದವು. 1996ರಲ್ಲಿ ಯಾದವಗಿರಿ ಫ್ಯಾಕ್ಟರಿ ಬಾಗಿಲು ಹಾಕಿತು. ಎಷ್ಟೋ ಮನೆಗಳ ಸಂಬಳ ಅಲ್ಲಿಗೆ ನಿಂತಿತು.

ಹಾಗಂತ ಚೈನ್ ಕವರ್ ಅವತ್ತೇ ಹೋಗಲಿಲ್ಲ. ಸಿಡಿ 100ರಲ್ಲೂ ಇತ್ತು, ಇವತ್ತಿನ ಕೆಲವು ಮಾಮೂಲಿ ಗಾಡಿಗಳಲ್ಲೂ ಇದೆ. ಹೋಗಿದ್ದು ನಮ್ಮ ವಯಸ್ಸಿನವರು ಆಸೆಪಡೋ ಸ್ಪೋರ್ಟಿ ಗಾಡಿಗಳಲ್ಲಿ. ಅಲ್ಲಿ ಟೈರ್ ದಪ್ಪ ಆಯ್ತು, ತೂಕ ಕಮ್ಮಿ ಮಾಡ್ಬೇಕು, ತಗಡಿನ ಡಬ್ಬ ಇದ್ರೆ ಲುಕ್ ಬರಲ್ಲ. ಇನ್ನೊಂದು ಕಾರಣವೂ ಇದೆ: ಓ-ರಿಂಗ್ ಚೈನು. ಇದರಲ್ಲಿ ಪಿನ್ನಿಗೂ ಬುಷ್ಷಿಗೂ ನಡುವೆ ಗ್ರೀಸ್ ತುಂಬಿ ಸಣ್ಣ ರಬ್ಬರ್ ಉಂಗುರದಿಂದ ಸೀಲ್ ಮಾಡಿರ್ತಾರೆ. ಆದರೆ ಆ ಗ್ರೀಸ್ ಒಳಗಡೆಗೆ ಮಾತ್ರ. ರೋಲರ್, ಸ್ಪ್ರಾಕೆಟ್, ಆ ರಬ್ಬರ್ ಉಂಗುರ, ಇವಕ್ಕೆಲ್ಲ ಹೊರಗಿನಿಂದ ಎಣ್ಣೆ ಬೇಕೇ ಬೇಕು.

2018ರಲ್ಲಿ ಜಾವಾ ಹೆಸರು ವಾಪಸ್ ಬಂತು. ಗಾಡಿ ತಯಾರಾಗೋದು ಮಧ್ಯಪ್ರದೇಶದ ಪೀತಂಪುರದಲ್ಲಿ. ಟ್ಯಾಂಕು, ಸೈಲೆನ್ಸರು ನೋಡಿದ್ರೆ ಹಳೇ ನೆನಪು. ಚೈನು ಮಾತ್ರ ಹೊರಗೆ!

6/7
ನಾನು ಬಿಕಾಂ ಹುಡುಗ, ಹಾಗಾಗಿ ಲೆಕ್ಕದ ಭಾಷೆಯಲ್ಲಿ ಹೇಳ್ತೀನಿ. ಕವರ್ ತೆಗೆದಾಗ ಕೆಲಸ ಮಾಯ ಆಗಲಿಲ್ಲ, ಬರೀ ಖಾತೆ ಬದಲಾಯ್ತು. ಮೊದಲು ಅದು ಕಂಪನಿಯ ಖರ್ಚು, ಗಾಡಿ ಮಾಡುವಾಗಲೇ ತಗಡು ಹಾಕಿ ಮುಗಿಸ್ತಿದ್ರು. ಈಗ ಅದು ನಮ್ಮ ಖಾತೆಗೆ ಬಿದ್ದಿದೆ, ತಿಂಗಳು ತಿಂಗಳು ಕಟ್ಟೋ ಕಂತಿನ ಥರ. ಶೋರೂಂನಲ್ಲಿ ಗಾಡಿ ಕೊಡುವಾಗ ನನಗೆ ಇದನ್ನ ಬಿಡಿಸಿ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಂತು ಕಟ್ಟದೇ ಇದ್ದದ್ದಕ್ಕೆ ನಾಲೆ ಏರಿ ಮೇಲೆ ಬಡ್ಡಿ ಸಮೇತ ವಸೂಲಾಯ್ತು.

ಕವರ್ ಇನ್ನೊಂದು ಕೆಲಸಾನೂ ಮಾಡ್ತಿತ್ತು: ಬೆರಳು, ಬಟ್ಟೆ ಚೈನಿಗೆ ಸಿಗದ ಹಾಗೆ ನೋಡಿಕೊಳ್ಳೋದು. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗದಂತೆ ರಕ್ಷಣೆ ಇರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ನಾವು ಸೀರೆ ಗಾರ್ಡ್ ಅನ್ನೋದು ಅದನ್ನೇ. ಲುಕ್ಕಿಗೆ ಅಂತ ಅದನ್ನೂ ಬಿಚ್ಚಿಸ್ತೀವಿ. ಆಮೇಲೆ ಅಮ್ಮನ್ನ ಹಿಂದೆ ಕೂರಿಸ್ಕೊಂಡು ಸಂತೆಗೆ ಹೋಗ್ತೀವಿ. ಯೋಚನೆ ಮಾಡಿ.

7/7
ಸರಿ, ಈಗ ಕೆಲಸ. ಸಾಮಾನ್ಯವಾಗಿ 500ರಿಂದ 1000 ಕಿ.ಮೀ.ಗೆ ಒಂದ್ಸಲ. ಹುಲ್ಲಹಳ್ಳಿಯಿಂದ ನಂಜನಗೂಡಿಗೆ ದಿನಾ ಹೋಗಿ ಬಂದ್ರೆ ಸುಮಾರು 30 ಕಿ.ಮೀ., ಅಂದ್ರೆ ಮೂರು ವಾರದೊಳಗೆ 500 ಆಗುತ್ತೆ. ಮಳೆಯಲ್ಲಿ ನೆಂದರೆ, ಗದ್ದೆ ಕೆಸರಿಗೆ ಇಳಿದರೆ ಅಷ್ಟು ದಿನವೂ ಕಾಯ್ಬೇಡಿ.

ಡಬಲ್ ಸ್ಟ್ಯಾಂಡ್ ಹಾಕಿ. ಇಂಜಿನ್ ಆಫ್, ಕೀ ಜೇಬಿನಲ್ಲಿ, ಗಾಡಿ ನ್ಯೂಟ್ರಲ್. ಚಕ್ರ ಕೈಯಲ್ಲೇ ತಿರುಗಿಸಿ. ಇಂಜಿನ್ ಆನ್ ಮಾಡಿ, ಗೇರಿಗೆ ಹಾಕಿ, ಓಡ್ತಿರೋ ಚೈನಿಗೆ ಬಟ್ಟೆ ಹಿಡಿಯೋರನ್ನ ನೀವೂ ನೋಡಿರ್ತೀರ. ಬಟ್ಟೆ ಚೈನಿಗೆ ಸಿಕ್ಕರೆ ಕೈಯನ್ನೂ ಎಳ್ಕೊಂಡು ಹೋಗುತ್ತೆ, ಸ್ಪ್ರಾಕೆಟ್ ಹಲ್ಲಿನ ನಡುವೆ ಬೆರಳು ತುಂಡಾಗುತ್ತೆ. ಹತ್ತು ನಿಮಿಷ ಉಳಿಸೋಕೆ ಹೋಗಿ ಬೆರಳು ಕಳ್ಕೋಬೇಡಿ.

ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಮೆತ್ತನೆ ಬ್ರಷ್. ಪೆಟ್ರೋಲ್ ಬೇಡ, ಓ-ರಿಂಗ್ ರಬ್ಬರ್ ಹಾಳಾಗುತ್ತೆ, ಬೆಂಕಿ ಭಯ ಬೇರೆ. ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಆಮೇಲೆ 90 ನಂಬರ್ ಗೇರ್ ಆಯಿಲ್ ಅಥವಾ ಚೈನ್ ಸ್ಪ್ರೇಯನ್ನು ಕೆಳಗಿನ ಸಾಲಿನ ಒಳಮೈಗೆ ಬಿಡಿ. ಚೈನು ತಿರುಗಿದಾಗ ಎಣ್ಣೆ ತಾನೇ ಹೊರಗಡೆಗೆ ಹರಡಿಕೊಳ್ಳುತ್ತೆ. ಹೆಚ್ಚಾಗಿದ್ದನ್ನ ಒರೆಸಿಬಿಡಿ, ಇಲ್ಲಾಂದ್ರೆ ಅದೇ ಧೂಳು ಹಿಡಿಯುತ್ತೆ. ಗ್ಯಾರೇಜಿನ ಸುಟ್ಟ ಆಯಿಲ್ ಬೇಡ, ಅದರಲ್ಲೇ ಇಂಜಿನ್ ಕೊಳೆ ಇರುತ್ತೆ. ಕೊನೆಗೆ ಚೈನು ಎಷ್ಟು ಲೂಸ್ ಇರಬೇಕು ಅಂತ ಗಾಡಿ ಜೊತೆ ಬಂದ ಪುಸ್ತಕದಲ್ಲಿ ನೋಡಿ ಸರಿಮಾಡಿ.

ಭಾನುವಾರ ನಾನು ಇಷ್ಟೂ ಮಾಡಿದೆ. ದೊಡ್ಡಪ್ಪ ಬಂದು ಚಕ್ರ ಒಂದ್ಸಲ ತಿರುಗಿಸಿ ನೋಡಿ, ಏನೂ ಹೇಳದೆ ಕಾಫಿ ಕುಡಿಯೋಕೆ ಹೋದ್ರು. ಅವರ ಲೆಕ್ಕದಲ್ಲಿ ಅದು ಪಾಸ್.

ನಿಮ್ಮ ಮನೆಯಲ್ಲಿ ಹಳೇ ಜಾವಾ, ಯೆಜ್ಡಿ ಇದ್ರೆ ಚೈನ್ ಕವರ್ ಕಾಣೋ ಹಾಗೆ ಫೋಟೋ ತೆಗೆದು ಕಳಿಸಿ. ಮುಂದಿನ ಪೋಸ್ಟಿನಲ್ಲಿ ಹಾಕ್ತೀನಿ. ಕಳಿಸೋ ಮೊದಲು ನಿಮ್ಮ ಗಾಡಿ ಚೈನು ಒಂದ್ಸಲ ಮುಟ್ಟಿ ನೋಡಿ.

#ಹುಲ್ಲಹಳ್ಳಿ #ನಂಜನಗೂಡು #ಮೈಸೂರುಜಾವಾ #ಯೆಜ್ಡಿ #ಚೈನಿಗೆಎಣ್ಣೆ