ಎರಡನೇ ಜೊತೆ

ಶಾಲೆ ಯುನಿಫಾರ್ಮ್ ಅಂದ ಕೂಡಲೇ ಜನ ಶಿಸ್ತು, ಸಮಾನತೆ, ಬಣ್ಣ ಅಂತ ಶುರು ಮಾಡ್ತಾರೆ. ಅದರ ಇತಿಹಾಸದಲ್ಲಿ ನನಗೆ ಮುಖ್ಯ ಅನಿಸೋದು ಒಂದು ಸಂಖ್ಯೆ. ಮಗುವಿಗೆ ಇರೋದು ಒಂದು ಜೊತೆಯೋ, ಎರಡೋ? ಒಂದೇ ಇದ್ದರೆ ಅದು ಬ್ಯಾಕಪ್ ಇಲ್ಲದ ಸರ್ವರ್. ಮಳೆಗಾಲದಲ್ಲಿ ಒಂದು ರಾತ್ರಿ ಬಟ್ಟೆ ಒಣಗಲಿಲ್ಲ ಅಂದರೆ ಮರುದಿನ ಮಗು ಮನೇಲಿ.

ರೋಣ ತಾಲ್ಲೂಕಿನ ಯಾವಗಲ್‌ನಲ್ಲಿ ನಾನು ಶಾಲೆಗೆ ಸೇರಿದಾಗ ನಮ್ಮೂರು ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಜಿಲ್ಲೆ ಆಗಿದ್ದು 1997ರಲ್ಲಿ. ಅಪ್ಪ ಇರಲಿಲ್ಲ. ಅವ್ವ ಹತ್ತಿ ಬಿಡಿಸೋದು, ಕಡ್ಲಿ ಕೀಳೋದು, ಸಿಕ್ಕ ಕೂಲಿ ಎಲ್ಲಾ ಮಾಡಿ ನಮ್ಮನ್ನು ಓದಿಸಿದಳು. ಸರ್ಕಾರದ ಬಟ್ಟೆ ಬಂದರೆ ಬಂತು, ಅದೂ ಜೂನ್ ತಿಂಗಳಿಗಲ್ಲ. ಟೇಲರ್ ಹತ್ರ ಅವ್ವನದು ಒಂದೇ ಮಾತು: "ಬೆಳ್ಯೂ ಹುಡುಗಿ ಐತ್ರೀ ಅಣ್ಣಾರ, ಕೆಳಗ ಮಡಚಿ ಹೊಲೀರಿ." ಲಂಗದ ಅಂಚು ಮೂರು ಮಡಿಕೆ. ವರ್ಷಕ್ಕೊಂದು ಮಡಿಕೆ ಬಿಚ್ಚೋದು. ಬಿಚ್ಚಿದ ಜಾಗದಲ್ಲಿ ಮಾಸದ ಕಡುನೀಲಿ ಪಟ್ಟಿ ಕಾಣ್ತಿತ್ತು. ಮರದ ಉಂಗುರ ಎಣಿಸಿದ ಹಾಗೆ, ಆ ಪಟ್ಟಿ ಎಣಿಸಿ ಲಂಗಕ್ಕೆ ಎಷ್ಟು ವಯಸ್ಸು ಅಂತ ಹೇಳಬಹುದಿತ್ತು. ನನ್ನ ನಂತರ ತಂಗಿಗೆ, ತಂಗಿಯ ನಂತರ ಕೌದಿಗೆ. ನಮ್ಮ ಮನೆಯ ಒಂದು ಕೌದಿಯಲ್ಲಿ ನನ್ನ ಮೂರನೇ ಕ್ಲಾಸಿನಿಂದ ಆರನೇ ಕ್ಲಾಸಿನವರೆಗೂ ಇದೆ.

ಇಷ್ಟೆಲ್ಲ ಆಗ್ತಿದ್ದದ್ದು ಹತ್ತಿ ಬೆಳೆಯೋ ಎರಿ ಹೊಲದ ನಡುವೆ. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೀಜ ತಂದು ದೇಶದ ಹಲವು ಕಡೆ ಪ್ರಯೋಗ ಮಾಡಿತು. ಚೆನ್ನಾಗಿ ಕೈ ಹಿಡಿದದ್ದು ಧಾರವಾಡ ಸೀಮೆಯಲ್ಲಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದೆ, ಈ ಕಡೆಯ ಹತ್ತಿಗೆ ಬಂಗಾರದ ಬೆಲೆ ಬಂತು. ಹತ್ತಿ ಬಿಡಿಸಿದವರ ಮಕ್ಕಳ ಮೈಮೇಲೆ ಏನಿತ್ತು ಅಂತ ಯಾವ ಹತ್ತಿ ಲೆಕ್ಕದಲ್ಲೂ ಹುಡುಕಬೇಡಿ.

ಸ್ವಾತಂತ್ರ್ಯದ ನಂತರ ಸರ್ಕಾರಕ್ಕೆ ಬಡವರ ಬಟ್ಟೆ ಒಂದು ಲೆಕ್ಕದ ವಿಷಯವಾಯಿತು. ಗಿರಣಿಗಳು ಇಂತಿಷ್ಟು ಅಗ್ಗದ ಬಟ್ಟೆ ನೇಯಲೇಬೇಕು ಅನ್ನೋ ಕಂಟ್ರೋಲ್ ಬಟ್ಟೆ ಬಂತು. 1976ರಲ್ಲಿ ಕೈಮಗ್ಗಗಳಿಗೆ ಕೆಲಸ ಕೊಡೋಕೆ ಜನತಾ ಬಟ್ಟೆ ಯೋಜನೆ ಬಂತು. ಹಿಂದಿನ ವರ್ಷವಷ್ಟೇ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿತ್ತು. 90ರ ದಶಕದಲ್ಲಿ ಕೇಂದ್ರ ಜನತಾ ಯೋಜನೆಯನ್ನು ನಿಲ್ಲಿಸಿದಾಗ ಮಗ್ಗಗಳಿಗೆ ಬೇರೆ ಕೆಲಸ ಬೇಕಾಯಿತು. ಶಾಲಾ ಮಕ್ಕಳ ವಿದ್ಯಾವಿಕಾಸ ಬಟ್ಟೆ ನಿಗಮದ ನೇಕಾರರಿಗೆ ದೊಡ್ಡ ಆಧಾರವಾಯಿತು. ಒಬ್ಬ ತಾಯಿಯ ಖರ್ಚು ಉಳಿಸೋ ಬಟ್ಟೆ ಇನ್ನೊಂದು ಮನೆಯ ಒಲೆ ಹೊತ್ತಿಸ್ತು. ಸರ್ಕಾರ ಇಷ್ಟು ಜಾಣ ಡಿಸೈನ್ ಮಾಡೋದು ಅಪರೂಪ. ಬಟ್ಟೆ ತಡವಾಗಿ ಬರೋದು, ಹೊಲಿಗೆ ಕೂಲಿ ಮನೆಯವರ ತಲೆಗೇ ಬೀಳೋದು, ಅವು ಇದ್ದೇ ಇದ್ದವು.

ಎರಡನೇ ಜೊತೆಯ ಕಥೆ ಆಮೇಲಿನದು. 2010ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದಮೇಲೆ ಸರ್ವ ಶಿಕ್ಷಾ ಅಭಿಯಾನದ ಲೆಕ್ಕದಲ್ಲಿ ಎರಡು ಜೊತೆಗೆ ಮಗುವಿಗೆ 400 ರೂಪಾಯಿ ಅಂತ ಇತ್ತು, 2018ರ ಸಮಗ್ರ ಶಿಕ್ಷಣದಲ್ಲಿ 600 ಆಯಿತು. ಕಾಗದದಲ್ಲಿ ಎರಡು, ಕೈಗೆ ಬರೋದು ಹಲವು ಕಡೆ ಒಂದೇ. ಕೊನೆಗೆ ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯ ಒಬ್ಬ ಪುಟ್ಟ ಹುಡುಗನ ಹೆಸರಿನಲ್ಲಿ ಅರ್ಜಿ ಹೈಕೋರ್ಟಿಗೆ ಹೋಯಿತು. 2019ರ ಆಗಸ್ಟ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠ, ಎರಡನೇ ಜೊತೆ ಬಟ್ಟೆ ಮತ್ತು ಶೂ, ಸಾಕ್ಸ್ ಕೊಡಲೇಬೇಕು ಅಂತ ಹೇಳಿತು. ತೀರ್ಪು ಬಂದಮೇಲೂ ಸರ್ಕಾರ ಕೂಡಲೇ ಎದ್ದು ಓಡಲಿಲ್ಲ. ಕೋರ್ಟು ಮತ್ತೆ ಗದರಬೇಕಾಯಿತು. ಆದರೂ ಒಣಗದ ಚಡ್ಡಿಯೊಂದು ರಾಜ್ಯದ ದೊಡ್ಡ ನ್ಯಾಯಾಲಯದ ತನಕ ಹೋಗಿದ್ದು ಸಣ್ಣ ಮಾತಲ್ಲ. ಅವ್ವನಿಗೆ ಇದನ್ನು ಫೋನಿನಲ್ಲಿ ಹೇಳಿದೆ. "ಹಂಗಾರ ಈಗಿನ ತಾಯಂದ್ರು ರಾತ್ರಿ ಮಲಗ್ತಾರ ಬಿಡು," ಅಂದಳು. ಆಕೆ ರಾತ್ರಿ ಒಗೆದು, ಬೆಳಿಗ್ಗೆ ತಂಬಿಗಿಯಲ್ಲಿ ಕೆಂಡ ಹಾಕಿ ಹಸಿ ಲಂಗದ ಮೇಲೆ ಒತ್ತುತ್ತಿದ್ದವಳು.

ಈಗ ನಮ್ಮಂಥವರ ಲೆಕ್ಕ ಬೇರೆ. ನಾನೂ ಒಬ್ಬಳೇ ಮಗಳನ್ನು ಬೆಂಗಳೂರಿನಲ್ಲಿ ಬೆಳೆಸ್ತಿದ್ದೀನಿ. ಸಂಬಳ ಬರುತ್ತೆ, ನಿಜ. ಆದರೆ ಬಾಡಿಗೆ, ಡೇಕೇರ್, ಶಾಲೆ ಫೀಸು ಎಲ್ಲಾ ಒಂದೇ ಸಂಬಳದಲ್ಲಿ ನಡೀಬೇಕು. ಮಗಳ ಶಾಲೆ (ಹೆಸರು ಬೇಡ) ಎರಡೇ ವರ್ಷಕ್ಕೆ ಚೆಕ್ಸ್ ಡಿಸೈನ್ ಬದಲಿಸಿ, ಇಂಥ ಅಂಗಡಿಯಲ್ಲೇ ತಗೊಳ್ಳಿ ಅಂತ ಮೆಸೇಜ್ ಹಾಕಿತು. ಹಳೇ ಸ್ಕರ್ಟಿನಲ್ಲಿ ಇನ್ನೂ ಒಂದು ಮಡಿಕೆ ಬಾಕಿ ಇತ್ತು!

ಸಿಟ್ಟಲ್ಲಿ ಹುಡುಕಿದಾಗ ಸಿಕ್ಕಿದ್ದು 1995ರ ಕರ್ನಾಟಕ ಶಿಕ್ಷಣ ಸಂಸ್ಥೆಗಳ ನಿಯಮಗಳ 11ನೇ ನಿಯಮ. ಶಾಲೆ ತನ್ನ ಯುನಿಫಾರ್ಮ್ ಆರಿಸಿಕೊಳ್ಳಬಹುದು, ಆದರೆ ಒಮ್ಮೆ ಗೊತ್ತು ಮಾಡಿದ ಮೇಲೆ ಐದು ವರ್ಷ ಬದಲಿಸುವಂತಿಲ್ಲ. ಬದಲಿಸಬೇಕಾದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು. 2022ರ ಹಿಜಾಬ್ ಪ್ರಕರಣದಲ್ಲಿ ಈ ನಿಯಮದ ಹೆಸರು ಬಹಳ ಕೇಳಿಬಂತು, ಪೋಷಕರ ಜೇಬಿನ ಭಾಗವನ್ನು ಮಾತ್ರ ಯಾರೂ ಅಷ್ಟು ಗಮನಿಸಲಿಲ್ಲ. ಮಕ್ಕಳಿರೋರು ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಇಂಗ್ಲೆಂಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಅಲ್ಲಿ 2021ರಲ್ಲಿ ಯುನಿಫಾರ್ಮ್ ಖರ್ಚಿನ ಬಗ್ಗೆಯೇ ಒಂದು ಕಾಯ್ದೆ ಬಂತು. ಅದರಡಿಯ ಸೂಚನೆ ಪ್ರಕಾರ ಲಾಂಛನ ಇರೋ ಬಟ್ಟೆ ಆದಷ್ಟು ಕಡಿಮೆ ಇರಬೇಕು, ಸೆಕೆಂಡ್ ಹ್ಯಾಂಡ್ ಬಟ್ಟೆ ಸಿಗೋ ಹಾಗೆ ಶಾಲೆ ನೋಡಿಕೊಳ್ಳಬೇಕು. 1552ರಲ್ಲಿ ಶುರುವಾದ ಲಂಡನ್ನಿನ ಕ್ರೈಸ್ಟ್ಸ್ ಹಾಸ್ಪಿಟಲ್ ಶಾಲೆ ಬಡ ಮಕ್ಕಳಿಗೆ ನೀಲಿ ಕೋಟು ತೊಡಿಸಿದ ದೇಶ ಅದು. ದಾನದ ಬಟ್ಟೆಯಾಗಿ ಶುರುವಾದದ್ದು ಶ್ರೀಮಂತ ಶಾಲೆಗಳ ಗುರುತಾಗಿ, ಈಗ ಮತ್ತೆ ಖರ್ಚಿನ ಪ್ರಶ್ನೆಗೆ ಬಂದು ನಿಂತಿದೆ.

ನಿಯಮದ ಪ್ರತಿ ಹಚ್ಚಿ ಶಾಲೆಗೆ ಮೇಲ್ ಹಾಕಿದೆ, ಇನ್ನು ಹನ್ನೊಂದು ಪೋಷಕರು ಸಹಿ ಹಾಕಿದರು. ಎಂಟು ದಿನಕ್ಕೆ ಉತ್ತರ ಬಂತು: ಹಳೆಯದನ್ನು ಇನ್ನೊಂದು ವರ್ಷ ಹಾಕಬಹುದು. ಸಹಿ ಹಾಕಿದವರೇ ಸೇರಿ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ಒಂದು ರ್‍ಯಾಕ್ ಇಟ್ಟಿದ್ದೀವಿ. ಚಿಕ್ಕದಾದದ್ದನ್ನು ತೊಳೆದು, ಇಸ್ತ್ರಿ ಮಾಡಿ ಇಡೋದು, ಬೇಕಾದ್ದನ್ನು ತಗೊಳ್ಳೋದು. ಶರ್ಟ್‌ಗಳು ಬೇಕಾದಷ್ಟಿವೆ. 28ರ ಸೈಜಿನ ಸ್ಕರ್ಟ್ ಮಾತ್ರ ಇಟ್ಟ ಸಂಜೆಗೇ ಖಾಲಿ.