ಕಲ್ಲಿನ ಊರಿನಲ್ಲಿ ಬಚ್ಚಲ ನೀರಿನ ತೋಟ

ಕಲಬುರಗಿಯ ಹೆಸರಿಗೆ ಎರಡು ಅರ್ಥ ಹೇಳುವವರಿದ್ದಾರೆ. ಕನ್ನಡದ ಕಿವಿಗೆ ಅದು ಕಲ್ಲಿನ ಊರು. ಪಾರಸಿ ಬಲ್ಲವರಿಗೆ ‘ಗುಲ್ಬರ್ಗಾ’ ಎಂದರೆ ಹೂವು ಮತ್ತು ಎಲೆ. 2014ರ ನವೆಂಬರ್ 1ರಂದು ಸರ್ಕಾರಿ ದಾಖಲೆಗಳಲ್ಲಿ ಕಲ್ಲು ಗೆದ್ದಿತು. ಆದರೆ ಹಳೆಯ ಮನೆಗಳ ಹಿತ್ತಲಲ್ಲಿ ಈ ಜಗಳವಿರಲಿಲ್ಲ. ಅಲ್ಲಿ ಕಲ್ಲೂ ಇತ್ತು, ಹೂವೂ ಇತ್ತು. ಎರಡರ ನಡುವೆ ಹರಿಯುತ್ತಿದ್ದುದು ಬಚ್ಚಲ ನೀರು.

ಇತಿಹಾಸ ಬರೆದವರು ಹಿತ್ತಲಿನ ಕಡೆ ಕಣ್ಣು ಹಾಯಿಸಿದ್ದು ಕಡಿಮೆ. 1347ರಲ್ಲಿ ಬಹಮನಿ ಸುಲ್ತಾನರು ಇಲ್ಲಿ ರಾಜಧಾನಿ ಹೂಡಿದ್ದು, ಕೋಟೆಯೊಳಗಿನ 1367ರ ಜಾಮಿ ಮಸೀದಿ ಎಲ್ಲವೂ ಪುಸ್ತಕಗಳಲ್ಲಿವೆ. ರಾಜಧಾನಿ ಬೀದರಿಗೆ ಹೋದ ಮೇಲೆ ಅಲ್ಲಿ ನೆಲದಡಿ ಸುರಂಗ ಕೊರೆದು ನೀರು ತಂದ ಕರೇಜಿನ ಬಗ್ಗೆಯೂ ಸಾಕಷ್ಟು ಬರಹಗಳಿವೆ. ಕಲಬುರಗಿಯ ಸಾರ್ವಜನಿಕ ಉದ್ಯಾನಕ್ಕೆ ಅಂಟಿದ ‘ಮೆಹಬೂಬ್ ಗುಲ್ಷನ್’ ಎಂಬ ಹೆಸರು ನಿಜಾಮರ ಕಾಲವನ್ನು ನೆನಪಿಸುತ್ತದೆ. ಇವೆಲ್ಲ ದೊಡ್ಡವರ ನೀರು, ದೊಡ್ಡವರ ತೋಟ. ಹತ್ತಡಿ ಹಿತ್ತಲಿಗೆ ಶಾಸನ ಹಾಕಿಸಿದವರು ಯಾರೂ ಇಲ್ಲ.

ಆ ಹಿತ್ತಲಿನ ಲೆಕ್ಕಾಚಾರ ಮಾತ್ರ ಜಾಣತನದ್ದು. ಅಂಗಳಕ್ಕೆ ಹಾಸಿದ್ದು ಶಹಾಬಾದಿನ ಪರಸಿ ಕಲ್ಲು. ಕಲ್ಲು ಕಲ್ಲಿನ ಸಂದಿನಲ್ಲಿ ಮಳೆ ನೀರು ನೆಲಕ್ಕೆ ಇಳಿಯುತ್ತಿತ್ತು. ಸ್ನಾನದ ನೀರು, ಪಾತ್ರೆ ತೊಳೆದ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆ, ಕೆಸುವಿನ ಬುಡ ಸೇರುತ್ತಿತ್ತು. ಬಾಳೆ ನೀರು ಕುಡಿಯುವ ಗಿಡ, ನಿಜ. ಆದರೆ ಅದು ಕುಡಿಯುತ್ತಿದ್ದುದು ಮನೆಯವರು ಒಮ್ಮೆ ಬಳಸಿ ಮುಗಿಸಿದ ನೀರು. ಅದರಾಚೆ ಕರಿಬೇವು, ನಿಂಬೆ, ದಾಸವಾಳ. ಬೇಲಿಯ ಮೂಲೆಯಲ್ಲಿ ಯಾರೂ ನೆಡದ ಎಕ್ಕದ ಗಿಡ.

ಈ ಗಿಡಗಳಿಗೆ ಬೇರೆ ಗಿರಾಕಿಗಳೂ ಇದ್ದರು. ಬಾಳೆಯ ಹೂವಿಗೆ ಹಗಲು ಸೂರಕ್ಕಿ, ರಾತ್ರಿ ಬಾವಲಿ. ಕರಿಬೇವಿನ ಕಪ್ಪು ಹಣ್ಣಿಗೆ ಬುಲ್‌ಬುಲ್. ಎಕ್ಕದ ಎಲೆ ತಿಂದು ಬೆಳೆಯುವ ಹುಳು ಮುಂದೆ ಕಿತ್ತಳೆ ಬಣ್ಣದ ಚಿಟ್ಟೆಯಾಗುತ್ತದೆ. ಮಾಳಿಗೆಯ ಜಂತಿಗಳ ನಡುವೆ ಗುಬ್ಬಿ ಸಂಸಾರ ಹೂಡುತ್ತಿತ್ತು. ಇದನ್ನು ಯಾರೂ ‘ವನ್ಯಜೀವಿ ಸಂರಕ್ಷಣೆ’ ಎಂದು ಕರೆಯಲಿಲ್ಲ.

ನಲ್ಲಿ ಬಂತು, ಚರಂಡಿ ಬಂತು, ನಿವೇಶನಗಳು ಕಿರಿದಾದವು. ಅಂಗಳಕ್ಕೆ ಸಿಮೆಂಟು ಬಿತ್ತು, ಬಚ್ಚಲ ನೀರು ಕೊಳವೆ ಹಿಡಿದು ಊರಾಚೆ ಹೋಯಿತು. ಗಿಡ ಬೇಕೆನ್ನುವವರು ಕುಂಡದಲ್ಲಿ ಪರದೇಶದ ಎಲೆಗಿಡ ಇಟ್ಟು, ಕುಡಿಯುವ ನೀರನ್ನೇ ಹೊಯ್ಯತೊಡಗಿದರು. ನಗರಕ್ಕೆ ನೀರು ಬರುವುದು ಭೀಮಾ ಮತ್ತು ಬೆಣ್ಣೆತೊರೆಯಿಂದ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಇದು ದುಬಾರಿ ಶೋಕಿಯೇ ಸರಿ.

ಹುಮನಾಬಾದ್ ರಸ್ತೆಯಲ್ಲಿ ಕುರಿಕೋಟಾದ ಬಳಿ ಅದೇ ಬೆಣ್ಣೆತೊರೆಯನ್ನು ದಾಟಿ ಮುಂದೆ ಹೋದರೆ ಕಮಲಾಪುರ. ಭೌಗೋಳಿಕ ಸೂಚ್ಯಂಕ ಪಡೆದ ಕೆಂಪು ಬಾಳೆಯ ಊರು. ಬೇರೆ ಬಾಳೆ ವರ್ಷದಲ್ಲಿ ಕೈಗೆ ಬಂದರೆ ಇದಕ್ಕೆ ಸುಮಾರು ಒಂದೂವರೆ ವರ್ಷ ಕಾಯಬೇಕು. ಅಲ್ಲಿನ ಕೆಂಪು ಮಣ್ಣು ನೀರನ್ನು ಬೇಗ ಬಸಿದುಬಿಡುತ್ತದೆ. ನಗರದ ಕರಿಮಣ್ಣು ಹಾಗಲ್ಲ: ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಕಮಲಾಪುರದ ಕಂದು ತಂದು ನಗರದ ಹಿತ್ತಲಲ್ಲಿ ಹೂತ ಮಾತ್ರಕ್ಕೆ ಅದೇ ಗೊನೆ ಸಿಗುತ್ತದೆಂದು ನಂಬುವಂತಿಲ್ಲ. ಕರಿಮಣ್ಣಿನಲ್ಲಿ ನೀರಿನ ಗುಂಡಿಯನ್ನು ಗೋಡೆಗೆ ತಾಗಿಸಿ ತೋಡಿದರೆ ಅಡಿಪಾಯಕ್ಕೂ ಅಪಾಯ.

ಇಂದಿನ ಹತ್ತಡಿ ಜಾಗಕ್ಕೂ ಹಳೆಯ ಲೆಕ್ಕ ಒಗ್ಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಮಾಳಿಗೆಯ ಮೇಲೆ 750 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 7,000 ಲೀಟರ್ ನೀರು. ಬಹುಪಾಲು ಮಳೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಂದುಹೋಗುವುದರಿಂದ ಹಿಡಿದಿಟ್ಟವರಿಗಷ್ಟೇ ಲಾಭ. ಬೇಸಿಗೆಗೆ ಮಣ್ಣಿನ ಗಡಿಗೆ ಇದೆ. ಮೆರುಗು ಹಚ್ಚದ ಗಡಿಗೆಯನ್ನು ಕುತ್ತಿಗೆಯವರೆಗೆ ಹುಗಿದು, ನೀರು ತುಂಬಿ ಬಾಯಿ ಮುಚ್ಚಿದರೆ, ಬೇರು ಬೇಡಿದಷ್ಟೇ ನೀರು ಜಿನುಗುತ್ತದೆ. ಕ್ರಿಸ್ತಪೂರ್ವ ಮೊದಲನೆಯ ಶತಮಾನದ ಚೀನಾದ ಕೃಷಿ ಗ್ರಂಥವೊಂದರಲ್ಲಿ ಕರಬೂಜದ ಬಳ್ಳಿಗೆ ಹೀಗೆ ನೀರುಣಿಸುವ ವಿಧಾನವಿದೆ. ಬುಡಕ್ಕೆ ಒಣ ಎಲೆ ಹೊದಿಸಿದರೆ ಆವಿಯಾಗಿ ಹೋಗುವ ನೀರೂ ಉಳಿಯುತ್ತದೆ. ಬಚ್ಚಲ ನೀರಿನ ವಿಷಯದಲ್ಲಿ ಒಂದೇ ಎಚ್ಚರ. ಅಜ್ಜಿಯ ಕಾಲದ ಸೀಗೆಕಾಯಿ, ಬೂದಿಯ ಜಾಗದಲ್ಲಿ ಈಗ ಬಟ್ಟೆ ಪುಡಿ ಬಂದಿದೆ. ಆ ಉಪ್ಪಿನ ನೀರು ದಿನವೂ ಬಿದ್ದರೆ ಮಣ್ಣು ಕೆಡುತ್ತದೆ. ಸ್ನಾನದ ನೀರು, ತರಕಾರಿ ತೊಳೆದ ನೀರು ಸಾಕು.

ಹಕ್ಕಿಗಳಿಗೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಸೊಳ್ಳೆಯಾಗದಂತೆ ದಿನವೂ ಬದಲಿಸಬೇಕು. ಇನ್ನು ಕರಿಬೇವಿನ ಎಲೆಗೆ ಅಂಟಿದ, ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳುವನ್ನು ಕಂಡೊಡನೆ ಹೊಸಕುವವರೇ ಹೆಚ್ಚು. ಅದು ನಿಂಬೆ ಚಿಟ್ಟೆಯ ಮರಿ. ಸಾರಿನ ಒಗ್ಗರಣೆಗೆ ಉಳಿದ ಕೊಂಬೆಗಳಿವೆ. ಒಂದು ಕೊಂಬೆ ಅದಕ್ಕಿರಲಿ.