ಸಣ್ಣ ಸೋರಿಕೆಯ ಪತ್ತೆ: ವಿಜಯಪುರದ ಗಂಜ್‌ನಿಂದ ಗೋಗಿಯ ಟ್ಯಾಂಕಿಯವರೆಗೆ

ಮಾಳಿಗೆಯ ಮೇಲಿನ ಟ್ಯಾಂಕಿಯಿಂದ ಕೆಳಗಿಳಿಯುವ ಪೈಪಿನಲ್ಲಿ ಒಂದು ಮಿಲಿಮೀಟರ್ ಅಗಲದ ರಂಧ್ರ ಬಿದ್ದಿದೆ ಎಂದುಕೊಳ್ಳೋಣ. ಅದರ ಮೇಲಿರುವ ನೀರಿನ ಎತ್ತರ ಮೂರು ಮೀಟರ್. ಲೆಕ್ಕ ಹಾಕಿದರೆ ಗಂಟೆಗೆ ಸುಮಾರು 13 ಲೀಟರ್, ದಿನಕ್ಕೆ 310 ಲೀಟರಿನಷ್ಟು ನೀರು ಆ ರಂಧ್ರದಿಂದ ಹೋಗುತ್ತದೆ. ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ಗೊತ್ತುಮಾಡಿರುವುದು 55 ಲೀಟರ್. ಅಂದರೆ ಐದು ಜನರ ಪಾಲಿಗಿಂತ ಹೆಚ್ಚಿನ ನೀರು ಸದ್ದಿಲ್ಲದೆ ಗೋಡೆ ಸೇರುತ್ತದೆ. ಮನೆಗೆ ಮೀಟರ್ ಇದ್ದರೂ ಇದು ಗೊತ್ತಾಗುತ್ತದೆಂಬ ಖಾತ್ರಿಯಿಲ್ಲ. ಸಾಮಾನ್ಯವಾಗಿ ಬಳಸುವ ‘ಬಿ’ ದರ್ಜೆಯ 15 ಮಿ.ಮೀ. ಮೀಟರು ಗಂಟೆಗೆ 30 ಲೀಟರಿಗಿಂತ ಕಡಿಮೆ ಹರಿವನ್ನು ಸರಿಯಾಗಿ ಅಳೆಯಲೇಬೇಕೆಂಬ ಕಟ್ಟುಪಾಡಿಲ್ಲ.

ಈಗ ಮಾರುಕಟ್ಟೆಗೆ ಬಂದಿರುವ ಸ್ಮಾರ್ಟ್ ನೀರು ನಿಗಾ ಉಪಕರಣಗಳು ಹನಿ ಸೋರಿಕೆಯನ್ನೂ ಹಿಡಿಯುತ್ತೇವೆ ಎನ್ನುತ್ತವೆ. ಆ ಮಾತನ್ನು ಯಾವ ಮನೆಯಲ್ಲಿ, ಯಾವ ಒತ್ತಡದಲ್ಲಿ, ಯಾವ ಹವೆಯಲ್ಲಿ ಪರೀಕ್ಷಿಸಿದ್ದಾರೆ ಎಂಬುದೇ ಮುಖ್ಯ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಂಥ ಊರಿಗೆ ಈ ಉಪಕರಣಗಳು ಉಪಯೋಗಕ್ಕೆ ಬರಬೇಕಾದರೆ ಗೋಗಿಯ ಸ್ಥಿತಿಯಲ್ಲೇ ಅವು ಪರೀಕ್ಷೆಗೆ ಒಳಪಡಬೇಕು. ಸೋರಿಕೆ ಹುಡುಕುವ ವಿದ್ಯೆ ಬೆಳೆದುಬಂದ ದಾರಿಯೂ ಇದನ್ನೇ ಹೇಳುತ್ತದೆ.

ಒತ್ತಡ ಒಡೆದವರು, ಒತ್ತಡ ಅಳೆದವರು

ಗೋಗಿಯಲ್ಲಿ ಚಂದಾ ಹುಸೇನಿ ದರ್ಗಾದ ಬಳಿ ಆದಿಲ್‌ಶಾಹಿ ವಂಶದ ಮೊದಲ ಸುಲ್ತಾನರ ಸಮಾಧಿಗಳಿವೆ. ಅದೇ ವಂಶದವರ ರಾಜಧಾನಿ ವಿಜಯಪುರದಲ್ಲಿ ತೊರವಿಯಿಂದಲೂ 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದಲೂ ನೀರು ಊರಿಗೆ ಹರಿದುಬರುತ್ತಿತ್ತು. ಮಣ್ಣಿನ ಕೊಳವೆಗಳ ಸಾಲಿನ ನಡುನಡುವೆ ‘ಗಂಜ್’ ಎಂಬ ನೀರುಗೋಪುರಗಳನ್ನು ನಿಲ್ಲಿಸಿದ್ದರು. ನೀರು ಗೋಪುರವನ್ನೇರಿ ಗಾಳಿಗೆ ತೆರೆದುಕೊಳ್ಳುತ್ತಿತ್ತು. ಒತ್ತಡ ಒಡೆಯುತ್ತಿತ್ತು, ಹೂಳು ತಳದಲ್ಲಿ ನಿಲ್ಲುತ್ತಿತ್ತು. ಒತ್ತಡ ಹೆಚ್ಚಿದಷ್ಟೂ ಕೊಳವೆ ಸೀಳುತ್ತದೆ, ಸೋರಿಕೆ ಬೆಳೆಯುತ್ತದೆ ಎಂಬ ಅರಿವು ಆ ಕಟ್ಟಡದಲ್ಲೇ ಇದೆ.

ಸೋರಿಕೆಯನ್ನು ಅಳೆದು ಹುಡುಕುವ ಕೆಲಸಕ್ಕೆ ಒಂದು ಶಿಸ್ತು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1873ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಎಂಜಿನಿಯರ್ ಜಾರ್ಜ್ ಡೀಕನ್ ಪೋಲು ನೀರನ್ನು ದಾಖಲಿಸುವ ಮೀಟರ್ ರೂಪಿಸಿದ. ಊರೆಲ್ಲ ಮಲಗಿದ ಹೊತ್ತಿನಲ್ಲೂ ಒಂದು ಬಡಾವಣೆಗೆ ನೀರು ಹರಿಯುತ್ತಲೇ ಇದ್ದರೆ ಅದರ ಬಹುಭಾಗ ಸೋರಿಕೆ ಎಂಬುದು ಅವನ ತರ್ಕ. ರಾತ್ರಿಯ ಕನಿಷ್ಠ ಹರಿವು ಎಂಬ ಈ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಊರನ್ನು ಸಣ್ಣ ವಲಯಗಳಾಗಿ ವಿಂಗಡಿಸಿ ಪ್ರತಿ ವಲಯದ ಬಾಯಿಗೆ ಮೀಟರ್ ಕೂರಿಸುವ ಪದ್ಧತಿ 1980ರ ಬ್ರಿಟಿಷ್ ವರದಿಯೊಂದರ ನಂತರ ಜಗತ್ತಿನಾದ್ಯಂತ ಹರಡಿತು.

ಇನ್ನೊಂದು ದಾರಿ ಕಿವಿಯದು. ನೆಲಕ್ಕೆ, ವಾಲ್ವಿಗೆ ಕೋಲು ಒತ್ತಿ ಸೋರಿಕೆಯ ಸದ್ದು ಕೇಳುವ ರೂಢಿ ಬಹಳ ಹಳೆಯದು. 1970ರ ದಶಕದಲ್ಲಿ ಕೋರಿಲೇಟರ್ ಬಂತು. ಪೈಪಿನ ಎರಡು ಕಡೆ ಸಂವೇದಕ ಇಟ್ಟು, ಒಂದೇ ಸದ್ದು ಎರಡನ್ನೂ ತಲುಪುವ ಹೊತ್ತಿನ ಅಂತರದಿಂದ ಸೋರಿಕೆ ಎಲ್ಲಿದೆಯೆಂದು ಅದು ಹೇಳುತ್ತದೆ. ಕಬ್ಬಿಣದ ಪೈಪಿನಲ್ಲಿ ಈ ವಿಧಾನ ಚೆನ್ನಾಗಿ ನಡೆಯುತ್ತದೆ. ನಮ್ಮ ಹಳ್ಳಿಗಳಲ್ಲಿ ಹೂತಿರುವ ಪಿವಿಸಿ, ಎಚ್‌ಡಿಪಿಇ ಪೈಪುಗಳಲ್ಲಿ ಸದ್ದು ಬೇಗ ಅಡಗುತ್ತದೆ. ಒತ್ತಡವೂ ಕಡಿಮೆಯಿದ್ದರೆ ಕೇಳಲು ಏನೂ ಉಳಿಯುವುದಿಲ್ಲ.

ಬೀದಿಯಿಂದ ಮನೆಯೊಳಗೆ

ಮನೆಯೊಳಗಿನ ಸೋರಿಕೆಗೆ ಮೊದಲ ದೊಡ್ಡ ಲೆಕ್ಕ ಸಿಕ್ಕಿದ್ದು 1999ರಲ್ಲಿ. ಅಮೆರಿಕ ಮತ್ತು ಕೆನಡಾದ 12 ಕಡೆಗಳ 1,188 ಮನೆಗಳ ಮೀಟರುಗಳನ್ನು ಕೆಲವೇ ಸೆಕೆಂಡುಗಳ ಅಂತರದಲ್ಲಿ ದಾಖಲಿಸಿ, ಯಾವ ಹರಿವು ನಲ್ಲಿಯದು, ಯಾವುದು ಫ್ಲಶ್‌ನದು, ಯಾವುದು ಸೋರಿಕೆ ಎಂದು ಬೇರ್ಪಡಿಸಿದರು. ಮನೆಯೊಳಗಿನ ಬಳಕೆಯಲ್ಲಿ ಹೆಚ್ಚುಕಡಿಮೆ ಏಳನೆಯ ಒಂದು ಭಾಗ ಸೋರಿಕೆಯಾಗಿತ್ತು. ಬಹುಪಾಲು ಮನೆಗಳಲ್ಲಿ ಸೋರಿಕೆ ಅತ್ಯಲ್ಪ. ಕೆಲವೇ ಮನೆಗಳು ಒಟ್ಟಾರೆ ಸರಾಸರಿಯನ್ನು ಎತ್ತಿದ್ದವು. ಆ ಕೆಲವು ಮನೆಗಳನ್ನು ಗುರುತಿಸುವುದೇ ಮುಂದಿನ ಉಪಕರಣಗಳ ಗುರಿಯಾಯಿತು.

2006ರಲ್ಲಿ ಅಮೆರಿಕದ ಸಂಶೋಧಕರು ಮನೆಯ ಪೈಪುಗಳಿಗೆ ಮೈಕ್ರೊಫೋನ್ ಕಟ್ಟಿ ನೀರಿನ ಬಳಕೆಯನ್ನು ಕೇಳಿ ಗುರುತಿಸಿದರು. 2009ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶ್ವೇತಕ್ ಪಟೇಲ್, ಜಾನ್ ಫ್ರೋಲಿಕ್ ಮತ್ತು ಸಂಗಡಿಗರ ‘ಹೈಡ್ರೋಸೆನ್ಸ್’ ಬಂತು. ನಲ್ಲಿ ತೆರೆದಾಗ, ಮುಚ್ಚಿದಾಗ ಪೈಪಿನುದ್ದಕ್ಕೂ ಒತ್ತಡದ ಅಲೆ ಓಡುತ್ತದೆ. ಪ್ರತಿ ನಲ್ಲಿಯ ಅಲೆಗೂ ತನ್ನದೇ ಗುರುತಿರುತ್ತದೆ. ಒಂದೇ ಜಾಗದಲ್ಲಿ ಒಂದೇ ಸಂವೇದಕ ಇಟ್ಟು ಇಡೀ ಮನೆಯನ್ನು ಓದಬಹುದು ಎಂದು ಅವರು ತೋರಿಸಿದರು. ಪಟೇಲರ ಕಂಪನಿಯನ್ನು 2010ರಲ್ಲಿ ಬೆಲ್ಕಿನ್ ಕೊಂಡಿತು. 2016ರಲ್ಲಿ ಬೆಲ್ಕಿನ್ ಮತ್ತು ಯುಪೊನೋರ್ ಸೇರಿ ‘ಫಿನ್’ ಕಂಪನಿ ಕಟ್ಟಿದವು. ಅದರ ಉಪಕರಣ ಒತ್ತಡವನ್ನು ಸೆಕೆಂಡಿಗೆ 240 ಬಾರಿ ಓದುತ್ತದೆ. ‘ಫ್ಲೋ’ ಎಂಬ ಉಪಕರಣ ಮನೆಯ ಮುಖ್ಯ ವಾಲ್ವನ್ನು ತಾನೇ ಮುಚ್ಚಿ ಒಳಗಿನ ಒತ್ತಡ ಇಳಿಯುತ್ತದೆಯೇ ಎಂದು ನೋಡುತ್ತದೆ. ‘ಫ್ಲೂಮ್’ ಬೀದಿ ಮೀಟರಿಗೆ ಪಟ್ಟಿಯಂತೆ ಸುತ್ತಿಕೊಂಡು ಅದರೊಳಗಿನ ಅಯಸ್ಕಾಂತದ ತಿರುಗುವಿಕೆಯನ್ನು ಎಣಿಸುತ್ತದೆ.

ಈ ವಿಧಾನಗಳ ಬಲವೂ ಮಿತಿಯೂ ಬೇರೆ ಬೇರೆ. ಮೀಟರನ್ನು ಓದುವ ಉಪಕರಣ ಮೀಟರಿಗಿಂತ ಸೂಕ್ಷ್ಮವಾಗಲಾರದು. ಮೀಟರಿನ ಚಕ್ರ ತಿರುಗದಷ್ಟು ಸಣ್ಣ ಹರಿವು ಅದಕ್ಕೂ ಕಾಣದು. ವಾಲ್ವ್ ಮುಚ್ಚಿ ಒತ್ತಡ ನೋಡುವ ವಿಧಾನ ಎಲ್ಲಕ್ಕಿಂತ ಸೂಕ್ಷ್ಮ. ನೀರು ಬಹಳ ಕಡಿಮೆ ಕುಗ್ಗುವುದರಿಂದ ಕೆಲವು ಹನಿ ಹೊರಬಿದ್ದರೂ ಒತ್ತಡ ಕುಸಿಯುತ್ತದೆ. ಆದರೆ ಪೈಪಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ, ಪ್ಲಾಸ್ಟಿಕ್ ಪೈಪು ಬಿಸಿಲಿಗೆ ಹಿಗ್ಗಿ ಕುಗ್ಗುತ್ತಿದ್ದರೆ ಫಲಿತಾಂಶ ಕಲಸಿಹೋಗುತ್ತದೆ. ಸೋರಿಕೆ ಇದೆ ಎಂದು ಈ ವಿಧಾನ ಹೇಳುತ್ತದೆ. ಗಂಟೆಗೆ ಎಷ್ಟು ಲೀಟರ್ ಎಂದು ಹೇಳುವುದು ಅದಕ್ಕೆ ಕಷ್ಟ.

ಇವೆಲ್ಲ ಹುಟ್ಟಿದ್ದು ಹಗಲೂರಾತ್ರಿ ಪೈಪಿನಲ್ಲಿ ಒಂದೇ ಸಮನೆ ಒತ್ತಡವಿರುವ ನಾಡುಗಳಲ್ಲಿ.

ಕರ್ನಾಟಕದ ಪ್ರಯೋಗಗಳು

ಅಂಥ ಒತ್ತಡ ನಮ್ಮಲ್ಲೂ ಸಾಧ್ಯ ಎಂಬುದಕ್ಕೆ ಸಾಕ್ಷಿ ಗೋಗಿಯ ಹತ್ತಿರದ ದೊಡ್ಡ ನಗರ ಕಲಬುರಗಿಯಲ್ಲೇ ಇದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಆಯ್ದ ವಲಯಗಳಿಗೆ 2008ರಿಂದ ಇಡೀ ದಿನ ನೀರು ಹರಿಯಿತು. ಪೈಪು ಬದಲಾದವು, ಮನೆಮನೆಗೆ ಮೀಟರ್ ಬಂತು, ವಲಯಗಳಲ್ಲಿ ಸೋರಿಕೆ ಗಣನೀಯವಾಗಿ ತಗ್ಗಿತು.

ಹುಬ್ಬಳ್ಳಿ-ಧಾರವಾಡದಲ್ಲಿ ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಇಡೀ ದಿನ ನೀರು ಹರಿಯುವ ಮತ್ತು ಬಿಟ್ಟುಬಿಟ್ಟು ಬರುವ ವಲಯಗಳ ನೀರನ್ನು ಹೋಲಿಸಿ 2013ರಲ್ಲಿ ಅಧ್ಯಯನ ಪ್ರಕಟಿಸಿದರು. ಬಿಟ್ಟುಬಿಟ್ಟು ನೀರು ಬರುವ ಕಡೆ ಮಾಲಿನ್ಯದ ಸೂಚಕ ಬ್ಯಾಕ್ಟೀರಿಯಾಗಳು ಹೆಚ್ಚಾಗಿ ಕಂಡವು. ಕಾರಣ ಸರಳ: ಪೈಪು ಬರಿದಾದಾಗ ಸೋರುವ ತೂತು ಹೀರುವ ತೂತಾಗುತ್ತದೆ. ಸುತ್ತಲಿನ ಚರಂಡಿ ನೀರು ಒಳಗೆ ಬರುತ್ತದೆ. 2023ರ ಫೆಬ್ರುವರಿಯಲ್ಲಿ ಯಾದಗಿರಿ ಜಿಲ್ಲೆಯ ಅನಪುರದಲ್ಲಿ ಕಲುಷಿತ ನೀರು ಕುಡಿದ ಜನ ಹಾಸಿಗೆ ಹಿಡಿದರು, ಜೀವಗಳೂ ಹೋದವು. ಕುಡಿಯುವ ನೀರಿನ ಪೈಪು ಸುಸ್ಥಿತಿಯಲ್ಲಿರುವುದು ಇಲ್ಲಿ ಬಿಲ್ಲಿನ ಉಳಿತಾಯದ ವಿಷಯವಲ್ಲ, ಪ್ರಾಣದ ವಿಷಯ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಬೇರೊಂದು ಸಮಸ್ಯೆ ಎದುರಾಯಿತು. ಅಲ್ಲಿ ಒಂದು ಫ್ಲ್ಯಾಟಿಗೆ ಒಂದೇ ಪೈಪು ಬರುವುದಿಲ್ಲ. ಒಂದೊಂದು ಬಚ್ಚಲಿಗೆ, ಅಡುಗೆಮನೆಗೆ ಪ್ರತ್ಯೇಕ ಪೈಪು ಇಳಿಯುತ್ತದೆ. ಹೀಗಾಗಿ ‘ಒಂದು ಮನೆ, ಒಂದು ಸಂವೇದಕ’ ಎಂಬ ಅಮೆರಿಕದ ಕಲ್ಪನೆ ಇಲ್ಲಿ ನಡೆಯಲಿಲ್ಲ. ಬೆಂಗಳೂರಿನ ಸ್ಮಾರ್ಟರ್‌ಹೋಮ್ಸ್ ಕಂಪನಿಯ ‘ವಾಟರ್‌ಆನ್’, ಚೆನ್ನೈನ ವೀಗಾಟ್ ಕಂಪನಿಯ ಉಪಕರಣಗಳು ಪ್ರತಿ ಒಳಹರಿವಿಗೂ ಒಂದು ಸಂವೇದಕ ಕೂರಿಸಿ, ಒಟ್ಟು ಮಾಡಿ ಮೊಬೈಲಿಗೆ ಕಳಿಸುವ ದಾರಿ ಹಿಡಿದವು. ಹಳ್ಳಿಗಳಿಗಾಗಿ 2020ರ ಸೆಪ್ಟೆಂಬರಿನಲ್ಲಿ ಜಲ ಜೀವನ್ ಮಿಷನ್ ಮತ್ತು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯ ಸ್ಮಾರ್ಟ್ ಮಾಪನ ವ್ಯವಸ್ಥೆಯ ಸ್ಪರ್ಧೆಯೊಂದನ್ನು ಆರಂಭಿಸಿದವು. ಅದನ್ನು ನಡೆಸುವ ಹೊಣೆ ಬೆಂಗಳೂರಿನ ಸಿ-ಡ್ಯಾಕ್‌ನದಾಗಿತ್ತು.

ಗೋಗಿಯ ಮನೆಯಲ್ಲಿ ಏನು ಬದಲಾಗುತ್ತದೆ

ಗೋಗಿಯ ನೆಲದಡಿ ಯುರೇನಿಯಂ ನಿಕ್ಷೇಪವಿದೆ. ಪಕ್ಕದ ಸುರಪುರ ಸೀಮೆಯ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಕಂಡುಬಂದಿತ್ತು. ಕೊಳವೆಬಾವಿಯನ್ನು ಕಣ್ಣುಮುಚ್ಚಿ ನಂಬಲಾಗದ ಈ ಸೀಮೆಯಲ್ಲಿ ಶುದ್ಧೀಕರಿಸಿ ಕಳಿಸಿದ ಒಂದೊಂದು ಕೊಡಕ್ಕೂ ಹೆಚ್ಚಿನ ಬೆಲೆಯಿದೆ.

ಇಂಥ ಊರುಗಳಲ್ಲಿ ನೀರು ಬರುವುದು ನೀರುಗಂಟಿ ವಾಲ್ವ್ ತಿರುಗಿಸಿದ ಹೊತ್ತಿಗೆ. ಮನೆಯವರು ಸಂಪು, ಟ್ಯಾಂಕಿ, ಡ್ರಮ್ಮು ತುಂಬಿಕೊಳ್ಳುತ್ತಾರೆ. ಆಮೇಲೆ ಬೀದಿ ಪೈಪು ಖಾಲಿ. ರಾತ್ರಿಯ ಕನಿಷ್ಠ ಹರಿವು ಎಂಬ ಡೀಕನ್‌ನ ಅಳತೆ ಬೀದಿಯಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಮನೆಯೊಳಗಿನ ಒತ್ತಡ ಮಾಳಿಗೆಯ ಎತ್ತರದಷ್ಟೇ. ಬಾಲ್ ಕಾಕ್ ಕೆಟ್ಟು ಟ್ಯಾಂಕಿ ಉಕ್ಕುವುದು ನೀರು ಬಿಟ್ಟ ಹೊತ್ತಿನಲ್ಲಿ ಮಾತ್ರ. ಮಧ್ಯರಾತ್ರಿ ಹುಡುಕುವ ಉಪಕರಣಕ್ಕೆ ಅದು ಕಾಣದು. ಸಂಪಿನ ತಳ ಬಿರಿದರೆ ನೀರು ಯಾವ ಪೈಪಿನ ಮೂಲಕವೂ ಹೋಗುವುದಿಲ್ಲ. ಹರಿವಿನ ಸಂವೇದಕ ಅದನ್ನು ಎಂದಿಗೂ ಅರಿಯದು.

ಇಲ್ಲಿ ಹರಿವಿಗಿಂತ ಮಟ್ಟ ಒಳ್ಳೆಯ ಸಾಕ್ಷಿ. ಒಂದು ಮೀಟರ್ ವ್ಯಾಸದ ಟ್ಯಾಂಕಿಯಲ್ಲಿ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 0.8 ಲೀಟರ್. ಮೊದಲು ಹೇಳಿದ ಗಂಟೆಗೆ 13 ಲೀಟರಿನ ಸೋರಿಕೆ ಆರು ತಾಸಿನ ರಾತ್ರಿಯಲ್ಲಿ ಮಟ್ಟವನ್ನು ಹತ್ತು ಸೆಂಟಿಮೀಟರಿನಷ್ಟು ಇಳಿಸುತ್ತದೆ. ಗಂಟೆಗೆ ಒಂದೇ ಲೀಟರಿನ ಹನಿ ಸೋರಿಕೆಯೂ ಏಳೆಂಟು ಮಿಲಿಮೀಟರ್ ಇಳಿಕೆಯಾಗಿ ಕಾಣುತ್ತದೆ. ಮಲಗುವ ಮುನ್ನ ಟ್ಯಾಂಕಿಯೊಳಗೆ ಗುರುತು ಹಾಕಿ ಬೆಳಿಗ್ಗೆ ನೋಡಿದರೂ ಸಾಕು. ಮರುರಾತ್ರಿ ಕೆಳಪೈಪಿನ ವಾಲ್ವ್ ಮುಚ್ಚಿ ಮತ್ತೆ ನೋಡಬೇಕು: ಆಗಲೂ ಮಟ್ಟ ಇಳಿದರೆ ದೋಷ ಟ್ಯಾಂಕಿಯದು, ಇಳಿಯದಿದ್ದರೆ ಪೈಪಿನದು ಇಲ್ಲವೇ ನಲ್ಲಿಯದು. ಫ್ಲಶ್ ಟ್ಯಾಂಕಿನಲ್ಲಿ ಬಣ್ಣ ಕದಡಿ ಅರ್ಧ ತಾಸು ಬಿಟ್ಟಾಗ ಕೆಳಗೆ ಬಣ್ಣ ಕಂಡರೆ ಅಲ್ಲಿಯ ವಾಷರ್ ಹೋಗಿದೆ ಎಂದರ್ಥ.

ಅದೇ ಕೆಲಸಕ್ಕೆ ಅಲ್ಟ್ರಾಸೋನಿಕ್ ಮಟ್ಟ ಸಂವೇದಕ ಹಾಕಿದರೆ ಯಾದಗಿರಿಯ ಬಿಸಿಲು ಅಡ್ಡ ಬರುತ್ತದೆ. ಸಂವೇದಕ ಶಬ್ದದ ಮರುದನಿ ಬರುವ ಹೊತ್ತನ್ನು ಅಳೆಯುತ್ತದೆ. ಗಾಳಿ ಒಂದು ಡಿಗ್ರಿ ತಣಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ತಗ್ಗುತ್ತದೆ. ನೀರಿನ ಮೇಲೆ ಒಂದು ಮೀಟರ್ ಖಾಲಿ ಜಾಗವಿದ್ದು, ಸಂಜೆಯಿಂದ ಬೆಳಗಿನೊಳಗೆ ಕಪ್ಪು ಟ್ಯಾಂಕಿಯೊಳಗಿನ ಗಾಳಿ ಹತ್ತು ಡಿಗ್ರಿ ತಣಿದರೆ, ತಾಪಮಾನದ ತಿದ್ದುಪಡಿಯಿಲ್ಲದ ಸಂವೇದಕ ನೀರು 1.7 ಸೆಂಟಿಮೀಟರ್ ಇಳಿದಿದೆ ಎನ್ನುತ್ತದೆ. ಸುಮಾರು 13 ಲೀಟರಿನ ಸುಳ್ಳು ಸೋರಿಕೆ ಅದು. ತಂಪು ಪ್ರಯೋಗಾಲಯದಲ್ಲಿ ಗೆದ್ದ ಉಪಕರಣ ಶಹಾಪುರದ ಮೇ ತಿಂಗಳಲ್ಲಿ ದಿನವೂ ಸುಳ್ಳು ಎಚ್ಚರಿಕೆ ಕೊಟ್ಟರೆ ಜನ ಅದನ್ನು ನಂಬುವುದನ್ನು ಬಿಡುತ್ತಾರೆ; ನಿಜವಾದ ಸೋರಿಕೆಯಾದ ದಿನವೂ ಯಾರೂ ನೋಡುವುದಿಲ್ಲ.

ಬೇಕಾದ ಪರೀಕ್ಷೆ

ಪರೀಕ್ಷೆಗೆ ದುಬಾರಿ ಪ್ರಯೋಗಾಲಯ ಬೇಕಿಲ್ಲ. ಸಣ್ಣ ಸೂಜಿ ವಾಲ್ವಿನಿಂದ ಗಂಟೆಗೆ ಅರ್ಧ ಲೀಟರ್, ಒಂದು, ಐದು, ಹದಿಮೂರು ಲೀಟರ್ ಹೀಗೆ ಗೊತ್ತಿರುವ ಸೋರಿಕೆ ಮಾಡಿ, ಅಳತೆ ಪಾತ್ರೆ ಮತ್ತು ಗಡಿಯಾರದಿಂದ ಖಚಿತಪಡಿಸಿಕೊಳ್ಳಬಹುದು. ನಲ್ಲಿ, ಫ್ಲಶ್, ಬಾಲ್ ಕಾಕ್, ಸಂಪು ನಾಲ್ಕೂ ಬಗೆ ಸೇರಬೇಕು. ನೀರು ಬಿಟ್ಟ ಹೊತ್ತು, ನಡುರಾತ್ರಿ, ಬೇಸಿಗೆಯ ಮಧ್ಯಾಹ್ನ, ಕರೆಂಟು ಹೋದ ಹೊತ್ತು, ಎಲ್ಲದರಲ್ಲೂ ನಡೆಯಬೇಕು. ಸೋರಿಕೆಯಿಲ್ಲದ ದಿನಗಳನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು. ಸುಳ್ಳು ಎಚ್ಚರಿಕೆ ಗೊತ್ತಾಗುವುದು ಆ ದಿನಗಳಲ್ಲೇ.

ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಂಥ ಸಂಸ್ಥೆಯ ವಿದ್ಯಾರ್ಥಿಗಳು, ಊರಿನ ಪ್ರತಿ ವಾಲ್ವನ್ನೂ ಬಲ್ಲ ನೀರುಗಂಟಿಗಳ ಜೊತೆ ಸೇರಿ ಈ ಕೆಲಸವನ್ನು ಒಂದೇ ವರ್ಷದಲ್ಲಿ ಮಾಡಬಲ್ಲರು. ಫಲಿತಾಂಶ ಕನ್ನಡದಲ್ಲಿ, ಎಲ್ಲರಿಗೂ ಸಿಗುವಂತೆ ಪ್ರಕಟವಾಗಬೇಕು. ನಮ್ಮ ಒತ್ತಡದಲ್ಲಿ ಗಂಟೆಗೆ ಎಷ್ಟು ಲೀಟರಿನ ಸೋರಿಕೆಯನ್ನು ಹಿಡಿಯುತ್ತದೆ, ಹಿಡಿಯಲು ಎಷ್ಟು ತಾಸು ಬೇಕು, ತಿಂಗಳಿಗೆ ಎಷ್ಟು ಸುಳ್ಳು ಎಚ್ಚರಿಕೆ ಕೊಡುತ್ತದೆ: ಈ ಮೂರು ಅಂಕಿಗಳನ್ನು ತೋರಿಸದ ಉಪಕರಣಕ್ಕೆ ಪಂಚಾಯಿತಿಯಾಗಲಿ ಮನೆಯವರಾಗಲಿ ಹಣ ಕೊಡಬಾರದು.